ಸ್ಖೇವನಿಂಗೆನ್ ದಂಡೆಯಲ್ಲಿ ಅಕ್ಕನ ಕುರ್ಚಿ

ಬೆಳಗಿನ ಐದೂವರೆಗೆ ಜಂಗಮಕೋಟೆ ಬಿಟ್ಟೆವು. ಐದೂವರೆ ಎಂದರೆ ಐದೂವರೆಯೇ. ಐದು ನಿಮಿಷ ಮೊದಲೇ ಪೆಟ್ಟಿಗೆಗಳು ಕಾರಿನಲ್ಲಿದ್ದವು. ನನ್ನ ಅಕ್ಕ ನಾಗರತ್ನಮ್ಮ ಮಾತ್ರ ರೇಷ್ಮೆ ಹುಳದ ಮನೆಯ ಬೀಗವನ್ನು ಎರಡನೇ ಸಲ ಎಳೆದು ನೋಡುತ್ತಿದ್ದಳು. ಒಳಗೆ ಹುಳವಿಲ್ಲ. ಅವಳ ಮಂಡಿಯ ಆಪರೇಷನ್ ಆದ ಮೇಲೆ ತಟ್ಟೆಗಳನ್ನೂ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನೂ ಮಾರಿ ಎಂಟು ತಿಂಗಳಾಗಿತ್ತು. ನಲವತ್ತು ವರ್ಷ ಎಳೆದ ಬೀಗ. ಕೈ ತಾನಾಗಿ ಹೋಗುತ್ತದೆ.

ಕಾರು ಬಾಷಾನದು. ವರ್ಷಗಟ್ಟಲೆ ಅಕ್ಕನ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಿದವನು ಅವನೇ.

"ಅಮ್ಮಾ, ಇಷ್ಟು ವರ್ಷ ನಿಮ್ಮ ಗೂಡು ಸಾಗಿಸ್ದೆ. ಇವತ್ತು ನಿಮ್ಮನ್ನೇ ಸಾಗಿಸ್ತಿದೀನಿ ನೋಡಿ," ಎಂದ.

"ಹುಷಾರಾಗಿ ಸಾಗಿಸಪ್ಪ. ಜಜ್ಜಿದ್ರೆ ರೇಟು ಬೀಳುತ್ತೆ," ಎಂದಳು ಅಕ್ಕ.

ವಿಜಯಪುರ, ದೇವನಹಳ್ಳಿ ದಾಟಿ ಮುಕ್ಕಾಲು ಗಂಟೆಯಲ್ಲಿ ವಿಮಾನ ನಿಲ್ದಾಣ ಸೇರಿದೆವು. ಬಾಷಾ ಎಂಟುನೂರು ಹೇಳಿದ, ಸಾವಿರ ಕೊಟ್ಟೆ. ಅಕ್ಕನಿಗೆ ಹಿಂದಿನ ದಿನವೇ ಗಾಲಿಕುರ್ಚಿ ಗೊತ್ತುಮಾಡಿದ್ದೆ. ಅದನ್ನು ಕಂಡದ್ದೇ ಅವಳ ಮುಖ ಕಪ್ಪಿಟ್ಟಿತು. ವಿಮಾನದ ಬಾಗಿಲವರೆಗೂ ನಡೆದೇ ಹೋದಳು. ನಾನು ಅವಳ ಪಕ್ಕದಲ್ಲಿ ಖಾಲಿ ಗಾಲಿಕುರ್ಚಿ ತಳ್ಳುವ ನೌಕರನ ಜೊತೆ ಹೆಜ್ಜೆ ಹಾಕಿದೆ.

ನಮ್ಮ ಪ್ರಯಾಣದ ಉದ್ದೇಶ ಒಂದೇ. ಎಪ್ಪತ್ತೊಂದು ವರ್ಷದ ಅಕ್ಕ ಸಮುದ್ರ ನೋಡಿರಲಿಲ್ಲ. ಮೂರು ಸಲ ಅವಕಾಶ ಬಂದಿತ್ತು: ಒಮ್ಮೆ ಅಪ್ಪ ಅಮ್ಮನ ಜೊತೆ ರಾಮೇಶ್ವರ, ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಪ್ರವಾಸದಲ್ಲಿ ಮಲ್ಪೆ, ಒಮ್ಮೆ ಮದ್ರಾಸಿನಲ್ಲಿ ಒಂದು ಮದುವೆ. ಮೂರು ಸಲವೂ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದರೆ ಅದಕ್ಕೆ ವಿಪರೀತ ಹಸಿವು. ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡು ಸೊರಗುತ್ತದೆ. ಅಕ್ಕ ಮನೆಯಲ್ಲಿ ಉಳಿದಳು, ಹೋಗುವವರು ಹೋಗಿ ಬಂದರು.

ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಟೀಚರ್ ಆಗಿದ್ದವಳು. ಆಪರೇಷನ್ ಆದ ಮೂರನೇ ತಿಂಗಳಿಂದ ಅಕ್ಕನ ಮನೆಯಲ್ಲೇ ಇದ್ದು ಅವಳನ್ನು ತಯಾರು ಮಾಡಿದೆ. ಬೆಳಿಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ನಡಿಗೆ, ಹತ್ತಕ್ಕೆ ಮಂಡಿ ಮಡಿಸುವ ವ್ಯಾಯಾಮ, ಸಂಜೆ ಐದಕ್ಕೆ ಮತ್ತೆ ನಡಿಗೆ. ಒಂದೆರಡು ದಿನ ಸೀಟಿಯನ್ನೂ ಊದಿದೆ. "ನಾನೇನು ನಿನ್ನ ಎಂಟನೇ ಕ್ಲಾಸಿನ ಹುಡುಗೀನೇನೇ?" ಎಂದು ಅಕ್ಕ ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬಕ್ಕೆ ಹಾಕಿಬಿಟ್ಟಳು. ಡಾಕ್ಟರು ಹೇಳಿದ್ದು ಇಷ್ಟು: ಸಮ ನೆಲದಲ್ಲಿ ನಡೆಯಬಹುದು, ಮಂಡಿ ಊದಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು.

ಅಕ್ಕನ ಮಗಳು ಸುಮಾ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿದ್ದಾಳೆ. ಊರ ಹೊರಗಿನ ಗಾಜಿನ ಮನೆಗಳಲ್ಲಿ ಟೊಮೇಟೊ ತಳಿಗಳನ್ನು ಪರೀಕ್ಷಿಸುವ ಕೆಲಸ. ದುಬೈಯಲ್ಲಿ ವಿಮಾನ ಬದಲಿಸಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದ ನಮ್ಮನ್ನು ಅವಳೇ ಬಂದು ರೈಲಿನಲ್ಲಿ ಕರೆದುಕೊಂಡು ಹೋದಳು. ನೆಲ ಚಪ್ಪಟೆ; ಗುಡ್ಡವೆಂಬುದು ಕಣ್ಣಿಗೆ ಬೀಳಲಿಲ್ಲ. ನಂದಿಬೆಟ್ಟವನ್ನು ನೋಡುತ್ತಾ ಬೆಳೆದವರಿಗೆ ಇದು ಮುಗಿಯದ ಆಟದ ಮೈದಾನದ ಹಾಗೆ ಕಾಣುತ್ತದೆ. ಮೂರು ದಿನ ಮನೆಯಲ್ಲಿ ದಣಿವಾರಿಸಿಕೊಂಡೆವು. ಸುಮಾ ತನ್ನ ಗಾಜಿನ ಮನೆಯನ್ನೂ ತೋರಿಸಿದಳು. ಒಳಗೆ ಹೋಗುವ ಮುಂಚೆ ಕೈ ತೊಳೆದು, ಬೂಟಿನ ಮೇಲೆ ಚೀಲ ಹಾಕಿಕೊಳ್ಳಬೇಕು. ಅಕ್ಕನಿಗೆ ಆ ದೇಶದ ಮೇಲೆ ಗೌರವ ಹುಟ್ಟಿದ್ದು ಅಲ್ಲಿಯೇ. "ನಮ್ಮ ಹುಳದ ಮನೆ ಹಂಗೇ ಇಟ್ಕೊಂಡಿದಾರೆ," ಎಂದಳು.

ಸ್ಖೇವನಿಂಗೆನ್ ಎಂಬುದು ಹೇಗ್ ನಗರಕ್ಕೆ ಅಂಟಿಕೊಂಡ ಕಡಲ ತೀರದ ಊರು. ಬೇಸಿಗೆಯಲ್ಲಿ ಆ ದೇಶದವರೆಲ್ಲ ಅಲ್ಲಿಗೆ ಬರುತ್ತಾರೆ. ನಾಲ್ಕನೇ ದಿನ, ಮಂಗಳವಾರ, ಗದ್ದಲ ಕಡಿಮೆ ಎಂದು ಅದನ್ನೇ ಗೊತ್ತುಮಾಡಿದ್ದೆ. ಸುಮಾಳಿಗೆ ರಜೆ ಇರಲಿಲ್ಲ.

"ಮೇಲಿನ ರಸ್ತೇಲಿ ಬೆಂಚಿದೆ ಚಿಕ್ಕಮ್ಮ. ಅಲ್ಲಿ ಕೂತು ನೋಡ್ಕೊಂಡು ಬನ್ನಿ. ಮರಳಿಗೆ ಇಳಿಸ್ಬೇಡಿ. ಅಮ್ಮ ಬಿದ್ರೆ ಇಲ್ಲಿ ನನ್ನ ಕೈಲಿ ಏನೂ ಆಗಲ್ಲ. ಪ್ರಾಮಿಸ್ ಮಾಡಿ."

ನಾನು ಮಾತು ಕೊಡಲಿಲ್ಲ. ಕೊಟ್ಟರೆ ಉಳಿಸಿಕೊಳ್ಳಬೇಕಾಗುತ್ತದೆ.

"ನೋಡಕ್ಕಾದ್ರೆ ಟಿ.ವಿ.ಲೇ ನೋಡ್ತಿದ್ದೆ ಕಣೇ," ಎಂದಳು ಅಕ್ಕ ಮಗಳಿಗೆ. "ಕಾಲು ನೆನೀಬೇಕು. ಗಿಣ್ಣಿನವರೆಗೆ ಸಾಕು, ಆದ್ರೆ ನೆನೀಬೇಕು."

ಸುಮಾ ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ಕೊಟ್ಟಳು. ಅಕ್ಕ ಮೂಸಿ ನೋಡಿ ಹಿಂದಕ್ಕೆ ಕೊಟ್ಟಳು. ಹುಳಕ್ಕೆ ವಾಸನೆ ಆಗುವುದಿಲ್ಲವೆಂದು ನಲವತ್ತು ವರ್ಷ ಪೌಡರು, ಮಲ್ಲಿಗೆ ಎಣ್ಣೆ ಯಾವುದನ್ನೂ ಮುಟ್ಟದವಳು. "ಅಮ್ಮಾ, ಇಲ್ಲಿ ಹುಳ ಎಲ್ಲಿದೆ?" ಎಂದು ಸುಮಾ ನಕ್ಕಳು. ಅಕ್ಕ ಕ್ರೀಮು ಹಚ್ಚಲೇ ಇಲ್ಲ.

ನಾನು ಸುಮಾಳ ಫೋನಿನಲ್ಲಿ ಉಬ್ಬರ ಇಳಿತಗಳ ಪಟ್ಟಿ ನೋಡಿದೆ. ನೀರು ಅತಿ ಕಡಿಮೆ ಇರುವುದು ಮಧ್ಯಾಹ್ನ ಹನ್ನೆರಡು ಹತ್ತಕ್ಕೆ. ಅದನ್ನೇ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಕೆರೆ ತುಂಬಿದಾಗ ನಾವು ಮಕ್ಕಳನ್ನು ಹತ್ತಿರ ಬಿಡುವುದಿಲ್ಲ, ಇಳಿದಾಗ ಭಯವಿಲ್ಲ. ಸಮುದ್ರಕ್ಕೂ ಇದೇ ನಿಯಮ ಎಂದು ಲೆಕ್ಕ ಹಾಕಿದೆ. ಪಟ್ಟಿಯ ಕೆಳಗಿನ ಸಾಲನ್ನು ಬರೆದುಕೊಳ್ಳಲಿಲ್ಲ.

ಹತ್ತೂವರೆಗೆ ಮನೆ ಬಿಟ್ಟೆವು. ಹೇಗ್‌ನ ದೊಡ್ಡ ನಿಲ್ದಾಣದಿಂದ ಒಂಬತ್ತನೇ ನಂಬರಿನ ಟ್ರಾಮು. ಟಿಕೆಟ್ ಕೊಡುವವರಿಲ್ಲ, ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಕಾರ್ಡು ತಾಗಿಸಬೇಕು. ತಲೆಗೆ ಎರಡು ಯೂರೋ ಚಿಲ್ಲರೆ ಆಯಿತು. ಬರುತ್ತದೆ ಎಂದ ನಿಮಿಷಕ್ಕೇ ಬಂತು. ಆ ದೇಶದಲ್ಲಿ ನನಗೆ ಹಿಡಿಸಿದ್ದು ಅದು. ಮರಗಳ ಸಾಲು, ಇಟ್ಟಿಗೆಯ ಮನೆಗಳು, ಸೈಕಲ್ಲಿಗೇ ಬೇರೆ ರಸ್ತೆ. ಇಪ್ಪತ್ತೈದು ನಿಮಿಷಕ್ಕೆ ಇಳಿದೆವು. ಬಿಸಿಲಿತ್ತು, ಆದರೆ ಗಾಳಿ ಹದಿನೇಳು ಡಿಗ್ರಿಯದು. ಅಕ್ಕ ಸೀರೆಯ ಮೇಲೆ ಸ್ವೆಟರು, ತಲೆಗೆ ಉಲ್ಲನ್ ಸ್ಕಾರ್ಫು, ಕೈಯಲ್ಲಿ ಕೋಲು. ಗುಮ್ಮಟವಿರುವ ಹಳೆಯ ಹೋಟೆಲೊಂದನ್ನು ಬಳಸಿ ತಿರುಗಿದರೆ ಗಾಳಿ ಮುಖಕ್ಕೆ ಹೊಡೆಯಿತು. ಬಲಗಡೆ ನೀರಿನ ಮೇಲೆ ಕಟ್ಟಿದ ಉದ್ದನೆಯ ಕಟ್ಟೆ, ಅದರ ಮೇಲೊಂದು ದೊಡ್ಡ ತಿರುಗುವ ಚಕ್ರ. ಎದುರಿಗೆ ಸಮುದ್ರ.

ಅಕ್ಕ ನಿಂತಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಆಚೆ ದಡ ಇಲ್ವಲ್ಲೇ," ಎಂದಳು.

ಬೆಂಚಿನಲ್ಲಿ ಕೂತು ಚಪಾತಿ ಬಿಚ್ಚಿದೆವು. ಹುಚ್ಚೆಳ್ಳು ಪುಡಿ ಸವರಿ ಸುರುಳಿ ಸುತ್ತಿ ತಂದಿದ್ದೆ. ಎರಡನೇ ತುತ್ತಿಗೆ ಬಾತುಕೋಳಿಯಷ್ಟು ದಪ್ಪದ ಬಿಳಿ ಹಕ್ಕಿಯೊಂದು ಹಿಂದಿನಿಂದ ಬಂದು ನನ್ನ ಕೈಯಿಂದ ಸುರುಳಿಯನ್ನು ಹಾಗೇ ಎತ್ತಿಕೊಂಡು ಹೋಯಿತು. ಅಕ್ಕ ಸ್ಕಾರ್ಫಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಡ್ರಿಲ್ ಟೀಚರ್ ಕೈಯಿಂದ! ಖಾರ ಹತ್ತಿ ನೀರು ಕುಡಿಯಕ್ಕೆ ಸಮುದ್ರಕ್ಕೇ ಹೋಗುತ್ತೆ ಬಿಡು." ಪಕ್ಕದ ಗಾಡಿಯಲ್ಲಿ ಈರುಳ್ಳಿ ಚೂರು ಉದುರಿಸಿದ ಹಸಿ ಮೀನು ಮಾರುತ್ತಿದ್ದರು. ಜನ ಬಾಲ ಹಿಡಿದು ಮೇಲೆತ್ತಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಇಳಿಸುತ್ತಿದ್ದರು. ನಾವು ನೋಡಿದೆವು, ಅಷ್ಟೇ.

ಹನ್ನೆರಡಕ್ಕೆ ಸರಿಯಾಗಿ ಇಳಿಜಾರು ಹಾದಿಯಲ್ಲಿ ಕೆಳಗಿಳಿದೆವು. ಮರಳಿನ ಮೇಲೆ ಹಲಗೆ ಹಾಸಿದ ದಾರಿ ಒಂದು ಮರದ ಹೋಟೆಲಿನವರೆಗೆ ಹೋಗಿ, ಅದರ ಮುಂದೆ ಮುಗಿಯುತ್ತದೆ. ಸುಮಾ ತೆಗೆದಿದ್ದ ಫೋಟೋದಲ್ಲಿ ಹಲಗೆಯಿಂದ ನೀರಿಗೆ ಎಂಬತ್ತು ಹೆಜ್ಜೆ ಕಂಡಿತ್ತು. ನಾನು ಅಕ್ಕನನ್ನು ತಯಾರು ಮಾಡಿದ್ದು ಆ ಎಂಬತ್ತಕ್ಕೆ. ಈಗ ಹಲಗೆಯ ತುದಿಯಲ್ಲಿ ನಿಂತು ನೋಡಿದರೆ ನೀರು ಎಲ್ಲೋ ದೂರದಲ್ಲಿ ಮಿನುಗುತ್ತಿತ್ತು. ಅಕ್ಕನನ್ನು ನಿಲ್ಲಿಸಿ ನಾನೇ ಮುಂದೆ ಹೋಗಿ ಎಣಿಸಿಕೊಂಡು ಬಂದೆ. ಇನ್ನೂರು ಹೆಜ್ಜೆ. ಕಪ್ಪೆಚಿಪ್ಪುಗಳು ಗೆರೆ ಹಾಕಿದ ಹಾಗೆ ಬಿದ್ದಿರುವ ಜಾಗದವರೆಗೆ ಎಪ್ಪತ್ತು, ಅದೂ ಕಾಲು ಹೂಳುವ ಒಣ ಮರಳು. ಅಲ್ಲಿಂದಾಚೆಗೆ ಒದ್ದೆ ಮರಳು, ಗಟ್ಟಿ ನೆಲ, ನೂರ ಮೂವತ್ತು.

ತಪ್ಪು ನನ್ನದು. ಕೆರೆಯ ನೀರು ಕಟ್ಟೆಯ ಕಲ್ಲಿನ ಮೇಲೆ ಇಳಿಯುತ್ತದೆ. ಇಲ್ಲಿ ಇಳಿಯುವುದೆಂದರೆ ದೂರ ಹೋಗುವುದು. ಭಯವಿಲ್ಲದ ಹೊತ್ತೆಂದು ನಾನು ಆರಿಸಿದ್ದು ಅತಿ ದೂರದ ಹೊತ್ತು. ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಸರಿ ಬಿಡೇ, ನಡಿ," ಎಂದಳು.

ಹೋಟೆಲಿನಿಂದ ನನ್ನಷ್ಟೇ ವಯಸ್ಸಿನ, ಬಿಳಿ ಕೂದಲಿನ ಹೆಂಗಸೊಬ್ಬಳು ಹೊರಗೆ ಬಂದು ಅಕ್ಕನ ಕೋಲನ್ನು ನೋಡಿದಳು. ಮರಳಿನ ಮೇಲೆ ಓಡುವ, ದಪ್ಪ ಗಾಳಿಚಕ್ರದ ಗಾಲಿಕುರ್ಚಿಯಿದೆ, ದುಡ್ಡು ಬೇಡ, ತಳ್ಳಿಕೊಂಡು ಹೋಗಿ ಎಂದಳು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಕ್ಕನಿಗೆ ಹೇಳಿದೆ.

"ತಳ್ಕೊಂಡು ಹೋಗಕ್ಕೆ ನಾನೇನು ಗೂಡಿನ ಮೂಟೇನಾ? ಥ್ಯಾಂಕ್ಸ್ ಅಂತ ಹೇಳು, ಬೇಡ ಅಂತಾನೂ ಹೇಳು."

ಇಬ್ಬರೂ ಚಪ್ಪಲಿ ಬೂಟು ಕೈಗೆತ್ತಿಕೊಳ್ಳಬಹುದಿತ್ತು. ಅಕ್ಕ ಮಾತ್ರ ಬಿಚ್ಚಿದಳು. ನಾನು ಬೂಟಿನಲ್ಲೇ ಇದ್ದೆ, ಅವಳನ್ನು ಹಿಡಿಯಬೇಕಾದವಳು ನಾನು. ಒಣ ಮರಳಿನಲ್ಲಿ ಕೋಲು ಒಂದು ಗೇಣು ಹೂತುಹೋಗುತ್ತಿತ್ತು. ಹತ್ತು ಹೆಜ್ಜೆ, ನಿಲುಗಡೆ, ಮೂವತ್ತು ಎಣಿಕೆ. ಮತ್ತೆ ಹತ್ತು. ಕೆರೆ ಏರಿಯ ಮೇಲೆ ಮೂರು ಸುತ್ತು ಹಾಕುತ್ತಿದ್ದವಳು ನಲವತ್ತು ಹೆಜ್ಜೆಗೆ ಬೆವೆತಳು. ಚಿಪ್ಪಿನ ಗೆರೆ ಮುಟ್ಟುವ ಹೊತ್ತಿಗೆ ಹನ್ನೆರಡು ಮುಕ್ಕಾಲು. ಅಲ್ಲಿಂದ ಗಟ್ಟಿ ನೆಲ ಸಿಕ್ಕಿ ಇಪ್ಪತ್ತು ಹೆಜ್ಜೆ ಚೆನ್ನಾಗಿ ಹಾಕಿದಳು. ಇಪ್ಪತ್ತೊಂದನೆಯದಕ್ಕೆ ನನ್ನ ತೋಳನ್ನು ಅದುಮಿದಳು.

ಬಗ್ಗಿ ಮಂಡಿಯ ಮೇಲೆ ಬೆರಳೊತ್ತಿದೆ. ಊದಿಕೊಂಡಿತ್ತು, ಬಿಸಿಯಾಗಿತ್ತು. ಡಾಕ್ಟರ ಮಾತು ಸ್ಪಷ್ಟ. ಮುಂದೆ ನೂರ ಹತ್ತು ಹೆಜ್ಜೆ, ಹೋದ ಮೇಲೆ ಅಷ್ಟೂ ಹಿಂದಕ್ಕೆ, ಆಮೇಲೆ ಅದೇ ಒಣ ಮರಳು.

"ಅಕ್ಕಾ, ಇಲ್ಲಿಗೆ ಸಾಕು."

"ಕಾಣಿಸ್ತಿದೆಯಲ್ಲೇ, ಅಲ್ಲೇ ಇದೆ."

"ಸಾಕು ಅಂದ್ರೆ ಸಾಕು. ಹಿಂದಕ್ಕೆ ನಡೆಯೋ ಕಾಲೂ ಇದೇನೇ."

ಅವಳು ನೀರನ್ನೇ ನೋಡುತ್ತಿದ್ದಳು. "ಮೂರು ಸಲ ಹುಳ ತಡೀತು. ಹುಳದ ಮೇಲೆ ಕೋಪ ಮಾಡ್ಕೊಳ್ಳಕ್ಕಾಗ್ತಿರ್ಲಿಲ್ಲ. ನಿನ್ನ ಮೇಲೆ ಮಾಡ್ಕೋಬೋದು," ಎಂದಳು.

ನಾನು ಸಾವಿರಾರು ಹುಡುಗಿಯರನ್ನು ಓಡಿಸಿದವಳು. ಯಾರನ್ನು ಯಾವಾಗ ನಿಲ್ಲಿಸಬೇಕೆಂದು ನನಗೆ ಗೊತ್ತು. ಆದರೆ ನಿಲ್ಲಿಸಿದ ಹುಡುಗಿಗೆ ಮುಂದಿನ ವರ್ಷ ಅಂತ ಹೇಳಬಹುದಿತ್ತು. ಅಕ್ಕನಿಗೆ ಅದನ್ನು ಹೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಹೋಟೆಲಿನ ಹೆಂಗಸು ಒಂದು ಕ್ಯಾನ್ವಾಸು ಕುರ್ಚಿಯನ್ನೂ ಕಂಬಳಿಯನ್ನೂ ಹೊತ್ತುಕೊಂಡು ಬಂದಳು. ನಾವು ನಿಂತದ್ದನ್ನು ದೂರದಿಂದಲೇ ನೋಡಿದ್ದಳಂತೆ. ಕುರ್ಚಿ ಬಿಚ್ಚಿ ಅಕ್ಕನನ್ನು ಕೂರಿಸಿ, ನನ್ನನ್ನು ಕೇಳಿದಳು:

"ಇವರಿಗೆ ನೀರು ಮುಟ್ಟಬೇಕೇ?"

"ಹೌದು."

"ಹಾಗಾದರೆ ನೀವು ಯಾಕೆ ಅಲ್ಲಿಗೆ ಹೋಗುತ್ತೀರಿ? ಇಲ್ಲೇ ಇರಿ. ನಾಲ್ಕು ಗಂಟೆಯ ಹೊತ್ತಿಗೆ ಅದೇ ಇಲ್ಲಿಗೆ ಬರುತ್ತದೆ."

ಅವಳು ಹಿಂದಿನ ಚಿಪ್ಪಿನ ಗೆರೆ ತೋರಿಸಿದಳು. ಕಳೆದ ಉಬ್ಬರದ ನೀರು ಬಿಟ್ಟು ಹೋದ ಗೆರೆ ಅದು. ನಮ್ಮ ಕೆರೆಯ ನೀರು ಒಮ್ಮೆ ಇಳಿದರೆ ಮುಂದಿನ ಮಳೆಗಾಲದವರೆಗೂ ಇಳಿದೇ ಇರುತ್ತದೆ. ಇಳಿದ ನೀರು ಅದೇ ಮಧ್ಯಾಹ್ನ ವಾಪಸು ಬರುತ್ತದೆಂಬುದು ಪಟ್ಟಿಯ ಕೆಳಗಿನ ಸಾಲಿನಲ್ಲಿತ್ತು. ನಾನು ಬರೆದುಕೊಳ್ಳದ ಸಾಲು.

ಅಕ್ಕನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಕಂಬಳಿಯನ್ನು ಮಂಡಿಗೆ ಸುತ್ತಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ನನ್ನ ಪಾಲು ನಾನು ನಡ್ದಿದೀನಿ. ಉಳಿದಿದ್ದು ಅದು ನಡೀಲಿ."

ಕಾಯುವುದು ಅವಳ ಕಸುಬು, ನನ್ನದಲ್ಲ. ಒಂದೂವರೆಗೆ ನಾನು ಒಂದು ಕಡ್ಡಿಯನ್ನು ನೀರಿನ ಅಂಚಿಗೆ ನೆಟ್ಟು ಬಂದೆ. ಎರಡಕ್ಕೆ ಕಡ್ಡಿ ನೀರಿನೊಳಗಿತ್ತು. ಮತ್ತೊಂದು ನೆಟ್ಟೆ. "ಕೂತ್ಕೊಳ್ಳೇ," ಎಂದಳು ಅಕ್ಕ. "ಹಣ್ಣಾದ ಹುಳಾನ ಹತ್ತು ಹತ್ತು ನಿಮಿಷಕ್ಕೆ ಎತ್ತಿ ನೋಡ್ತಾರಾ? ಅದಕ್ಕೆ ಗೊತ್ತಿರುತ್ತೆ ಯಾವಾಗ ಚಂದ್ರಿಕೆ ಹತ್ತಿ ಗೂಡು ಕಟ್ಬೇಕು ಅಂತ." ಎರಡು ಹತ್ತಕ್ಕೆ ಹಿಂತಿರುಗುವ ಟ್ರಾಮನ್ನು ಗುರುತು ಹಾಕಿಟ್ಟಿದ್ದೆ. ಅದು ಹೋಯಿತು. ಅದರ ಮುಂದಿನದೂ ಹೋಯಿತು. ಸುಮಾಳಿಗೆ ತಡವಾಗುತ್ತದೆ ಎಂದಷ್ಟೇ ಸಂದೇಶ ಕಳಿಸಿದೆ.

ಗಾಳಿಗೆ ಮರಳು ನೆಲದ ಮೇಲೆ ಹೊಗೆಯ ಹಾಗೆ ಹರಿಯುತ್ತಿತ್ತು. ಹೋಟೆಲಿನ ಹೆಂಗಸು ಎರಡು ಲೋಟ ಬಿಸಿ ನೀರಿನಲ್ಲಿ ಪುದೀನ ಸೊಪ್ಪನ್ನು ಇಡಿಯಾಗಿ ಮುಳುಗಿಸಿ ತಂದುಕೊಟ್ಟಳು. ಮೂರೂವರೆ ಯೂರೋ ಒಂದಕ್ಕೆ. "ಇದೇನೇ, ಕಷಾಯಕ್ಕೆ ಇಟ್ಟು ಮರ್ತುಬಿಟ್ಲಾ?" ಎಂದು ಅಕ್ಕ ಸೊಪ್ಪನ್ನೂ ಅಗಿದು ತಿಂದಳು. ನೀರು ಅಗಲವಾಗಿ, ತೆಳ್ಳಗೆ, ಒಂದು ಸಲ ಮುಂದೆ ಬಂದು ಅರ್ಧ ಹಿಂದೆ ಹೋಗುತ್ತಾ ಹತ್ತಿರವಾಗುತ್ತಿತ್ತು. ಸಮುದ್ರವೂ ಕಟ್ಟುನಿಟ್ಟಿನದೇ ಎಂದು ನನಗೆ ಸಮಾಧಾನವಾಯಿತು. ಅದರ ವೇಳಾಪಟ್ಟಿಯನ್ನು ಪೂರ್ತಿ ಓದಬೇಕು, ಅಷ್ಟೇ.

ನಾಲ್ಕಕ್ಕೆ ಆರು ನಿಮಿಷವಿತ್ತು. ಒಂದು ಅಲೆ ಕುರ್ಚಿಯಿಂದ ಎರಡು ಮಾರು ದೂರಕ್ಕೆ ಬಂದು ನಿಂತಿತು. ಅಕ್ಕ ಕಂಬಳಿ ತೆಗೆದು ನನ್ನ ಕೈಗೆ ಕೊಟ್ಟು, ಕೋಲೂರಿ ಎದ್ದಳು.

"ಯಾಕೆ ಎದ್ದೆ? ಕೂತೇ ಇರು, ಬರುತ್ತೆ."

"ಬಂದೋರನ್ನ ಕೂತ್ಕೊಂಡು ಮಾತಾಡಿಸ್ತಾರೇನೇ?"

ಮುಂದಿನ ಅಲೆ ಅವಳ ಬೆರಳುಗಳನ್ನು ಮುಟ್ಟಿತು. ಅದರ ಮುಂದಿನದು ಪಾದ ಮುಚ್ಚಿತು. ಮೂರನೆಯದಕ್ಕೆ ಗಿಣ್ಣು ಮುಳುಗಿ ಸೀರೆಯ ಅಂಚು ತೇಲಿತು. "ಅಬ್ಬಬ್ಬಾ, ಏನು ತಣ್ಣಗೆ!" ಎಂದು ಕೂಗಿದಳು. ಹಿಂದೆ ಸರಿಯುವ ನೀರು ಕಾಲಡಿಯ ಮರಳನ್ನು ಎಳೆದಾಗ ನನ್ನ ಭುಜ ಹಿಡಿದು ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಕ್ಕಳು. ಬಗ್ಗಲಾರದ್ದಕ್ಕೆ ಕೋಲಿನ ತುದಿಯನ್ನು ನೀರಲ್ಲಿ ಅದ್ದಿ, ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ನನ್ನ ಕಾಲು ನೋಡಿದಳು. ನಾನು ನೀರು ಬಂದ ಹಾಗೆಲ್ಲ ಬೂಟು ಎತ್ತಿ ಎತ್ತಿ ಇಡುತ್ತಿದ್ದೆ.

"ನೀನು ಯಾಕೆ ಬಿಚ್ಚಿಲ್ಲ? ನಿಂಗೇನು ಹೊಸದಾ? ನಾಲ್ಕು ಸಲ ನೋಡಿದೀಯ."

ನೋಡಿದ್ದೇನೆ ನಿಜ. ನಾಲ್ಕು ಸಲವೂ ಶಾಲೆಯ ಮಕ್ಕಳ ಜೊತೆ, ದಡದಲ್ಲಿ ನಿಂತು, ಬಾಯಲ್ಲಿ ಸೀಟಿ ಇಟ್ಟುಕೊಂಡು ತಲೆ ಎಣಿಸುತ್ತಾ. ಎಣಿಸುವವಳು ನೀರಿಗೆ ಇಳಿಯುವ ಹಾಗಿಲ್ಲ. ಅರವತ್ತಾರು ವರ್ಷದಲ್ಲಿ ನನ್ನ ಕಾಲೂ ಸಮುದ್ರದಲ್ಲಿ ನೆನೆದಿರಲಿಲ್ಲವೆಂಬುದು ಅಕ್ಕ ಕೇಳಿದಾಗಲೇ ನನಗೆ ಹೊಳೆದದ್ದು. ಹೇಳಿದೆ.

"ಬಿಚ್ಚೇ ಬೂಟು. ಇಲ್ಲಿ ಎಣಿಸಕ್ಕೆ ಯಾರಿದಾರೆ? ನಾನೊಬ್ಳೇ."

ಬಿಚ್ಚಿದೆ. ಇಬ್ಬರೂ ಕೈ ಹಿಡಿದುಕೊಂಡು ನಿಂತೆವು. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ.

ನೀರು ಕುರ್ಚಿಯ ಕಾಲುಗಳನ್ನು ಸುತ್ತಿದಾಗ ಹೋಟೆಲಿನ ಹೆಂಗಸು ಬಂದು ಅದನ್ನು ಮಡಿಸಿದಳು. ಮೂರು ಗಂಟೆ ಕೂತು ಅಕ್ಕನ ಮಂಡಿಯ ಊತ ಇಳಿದಿತ್ತು. ಒಣ ಮರಳನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಆಕೆ ಹಿಡಿದು, ಹತ್ತು ಹತ್ತು ಹೆಜ್ಜೆಯ ಲೆಕ್ಕದಲ್ಲಿ ದಾಟಿಸಿದೆವು. ನಾನು ಕೂಗುವುದನ್ನು ಕೇಳಿ ಕೇಳಿ ಆಕೆಯೂ ಕನ್ನಡದಲ್ಲೇ "ಎಡ, ಬಲ" ಎಂದು ಹೇಳುವಷ್ಟು ಕಲಿತಿದ್ದಳು. ಇಳಿಜಾರಿನ ಬುಡದಲ್ಲಿ ಕಾಲು ತೊಳೆಯುವ ನಲ್ಲಿಯಿದೆ. ಹುಳದ ಮನೆ ಬಾಗಿಲಲ್ಲಿ ಯಾರ ಕಾಲನ್ನೂ ತೊಳೆಯದೆ ಒಳಗೆ ಬಿಡದ ಅಕ್ಕ ಆ ನಲ್ಲಿಯನ್ನು ನೋಡಿ, ಹಾಗೇ ಮುಂದೆ ನಡೆದಳು.

ಮೇಲಿನ ರಸ್ತೆಯಿಂದ ಕೊನೆಯ ಸಲ ತಿರುಗಿ ನೋಡಿದೆವು. ನಾವು ಕೂತಿದ್ದ ಜಾಗದ ಮೇಲೆ ನೀರಿತ್ತು. ನಾನು ನೆಟ್ಟ ಕಡ್ಡಿ ಒಂದೂ ಕಾಣಲಿಲ್ಲ.

ಟ್ರಾಮಿನಲ್ಲಿ ಕೂತದ್ದೇ ಸುಮಾ ಫೋನ್ ಮಾಡಿದಳು. ಅವಳ ದನಿ ಪಕ್ಕದವರಿಗೂ ಕೇಳುವಷ್ಟು ಜೋರಾಗಿತ್ತು.

"ಚಿಕ್ಕಮ್ಮ, ಇಷ್ಟು ಹೊತ್ತು ಏನ್ ಮಾಡ್ತಿದ್ರಿ? ಅಮ್ಮನ್ನ ಸಮುದ್ರದವರೆಗೆ ನಡೆಸ್ಕೊಂಡು ಹೋದ್ರಾ?"

ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅವಳ ಪಾದಗಳಿಂದ ಮರಳು ಟ್ರಾಮಿನ ನೆಲದ ಮೇಲೆ ಉದುರುತ್ತಿತ್ತು.

"ಇಲ್ಲ ಕಣಮ್ಮ, ನಾವೆಲ್ಲಿ ಹೋದ್ವಿ?" ಎಂದಳು. "ಅದೇ ಬಂದಿತ್ತು."